ಶಾಂಘೈಗೆ ಆಷಾಢವೇ ಸರಿ

ಶಾಂಘೈಗೆ ಹೋಗಲು ಯಾವ ಕಾಲ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ, ಆಷಾಢ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಜುಲೈನಲ್ಲಿ ಆ ಊರು ಇಡ್ಲಿ ಪಾತ್ರೆಯ ಒಳಗಿದ್ದಂತೆ ಬೇಯುತ್ತದೆ ಎಂಬುದು ನನಗೂ ಗೊತ್ತು, ಅಲ್ಲಿ ಬೆಂದು ಬಂದವಳು ನಾನೇ. ಆದರೂ ಮಾತು ಬದಲಿಸುವವಳಲ್ಲ.

ನನ್ನ ಹೆಸರು ಕಮಲಾಕ್ಷಿ. ಎಂಬತ್ತಾರರಲ್ಲಿ ಹೆಬ್ಬಾಳದ ಹತ್ತಿರ ಒಂದು ರೇಷ್ಮೆ ತರಬೇತಿ ಕೇಂದ್ರದಲ್ಲಿ ನೂಲು ತೆಗೆಯುವುದನ್ನು ಕಲಿಸುತ್ತಿದ್ದೆ. ಆ ವರ್ಷದ ಮಾಘದಲ್ಲಷ್ಟೇ ಕೊಡಿಗೇಹಳ್ಳಿಯ ಆನಂದಪ್ಪನವರ ಜೊತೆ ನನ್ನ ಮದುವೆಯಾಗಿತ್ತು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಮದುವೆಗೆ ಮುಂಚಿನ ವರ್ಷ ಅಪ್ಪನೂ ತೀರಿಕೊಂಡು, ಯಲಹಂಕದ ಬಾಡಿಗೆ ಮನೆ ಬಿಟ್ಟುಕೊಟ್ಟ ಮೇಲೆ, ತವರು ಎಂದು ಹೇಳಿಕೊಳ್ಳಲು ನನಗೆ ಒಂದು ಬಾಗಿಲೂ ಉಳಿದಿರಲಿಲ್ಲ.

ಯುಗಾದಿ ಮುಗಿದ ವಾರ ನಮ್ಮ ಮೇಲಧಿಕಾರಿ ಮುಕ್ತಾರ್ ಸಾಹೇಬರು ಕರೆದು ಕೂರಿಸಿದರು. ಶಾಂಘೈಯ ರೇಷ್ಮೆ ಕಾರ್ಖಾನೆಗಳಲ್ಲಿ ಒಂದು ತಿಂಗಳ ತರಬೇತಿಗೆ ನಮ್ಮವರನ್ನು ಕಳಿಸುತ್ತಾರಂತೆ. ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ತಂಡ. ನನ್ನ ಹೆಸರು ಖಾತ್ರಿ, ಕಾಲ ಮಾತ್ರ ನಾನು ಆರಿಸಿಕೊಳ್ಳಬೇಕು.

"ಅಕ್ಟೋಬರ್ ತಗೊಳಮ್ಮ," ಎಂದರು ಸಾಹೇಬರು. "ಬೆವರೂ ಇಲ್ಲ, ನಡುಕಾನೂ ಇಲ್ಲ. ಬರೋ ವರ್ಷದ ಏಪ್ರಿಲ್ಲೂ ಪರವಾಗಿಲ್ಲ, ಹೂ ಬಿಟ್ಟಿರುತ್ತೆ, ಕೊಡೆ ಒಂದು ಇರಬೇಕು ಅಷ್ಟೆ. ಜನವರಿ ಅಂದ್ರೆ ಮೂಳೆ ಕೊರೆಯೋ ಚಳಿ. ಜುಲೈ ಮಾತ್ರ ಬೇಡ್ವೇ ಬೇಡ, ಸೆಖೆ, ಬಿರುಗಾಳಿ. ಈ ವಾರದೊಳಗೆ ಹೇಳ್ಬಿಡು. ಇಲ್ಲಾಂದ್ರೆ ಬೇರೆಯವರ ಹೆಸರು ಹೋಗುತ್ತೆ."

ಅವತ್ತು ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ. ಹತ್ತು ವರ್ಷದಿಂದ ನೂಲು ಹಿಡಿದ ಕೈ ನನ್ನದು. ಆ ನೂಲು ಮೊದಲು ಹುಟ್ಟಿದ ದೇಶವನ್ನು ಕಣ್ಣಾರೆ ನೋಡುವ ಆಸೆ ಎಷ್ಟಿತ್ತೆಂದರೆ, ಚಳಿಯಾದರೇನು ಸೆಖೆಯಾದರೇನು, ನಾಳೆಯೇ ಹೊರಡು ಎಂದಿದ್ದರೂ ಹೊರಟುಬಿಡುತ್ತಿದ್ದೆ.

ಅತ್ತೆ ರಾಮಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರು ಯಾವುದಕ್ಕೂ 'ಬೇಡ' ಎನ್ನುವವರಲ್ಲ, ಅದಕ್ಕಿಂತ ಜಾಣೆ.

"ಅಕ್ಟೋಬರ್ ಅಂದ್ರೆ ಪಿತೃಪಕ್ಷ, ಆಯುಧಪೂಜೆ, ಅದರ ಬೆನ್ನಿಗೇ ದೀಪಾವಳಿ. ಮೊದಲ್ನೇ ದೀಪಾವಳಿಗೇ ಸೊಸೆ ಮನೇಲಿಲ್ಲ ಅಂದ್ರೆ ನಾಕು ಜನ ಏನಂತಾರೆ?"

"ಹಾಗಾದ್ರೆ ಜನವರಿ, ಅತ್ತೆ."

"ಸಂಕ್ರಾಂತಿಗೆ ಎಳ್ಳು ಬೀರೋರು ಯಾರು, ನಾನಾ?"

"ಏಪ್ರಿಲ್?"

ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. "ಅಷ್ಟೊತ್ಗೆ ತೊಟ್ಲು ಕಟ್ಟಿರ್ತೀವಿ."

ಕಟ್ಟುವ ಸೂಚನೆಯೇನೂ ಇನ್ನೂ ಇರಲಿಲ್ಲ. "ಜುಲೈ?" ಎಂದೆ.

"ಆಸಾಡ್ದಾಗೆ ಯಾರಾನ ಒಳ್ಳೆ ಕೆಲ್ಸಕ್ಕೆ ಒರಡ್ತಾರಾ? ಓದಿದೋಳು ನೀನು, ಅಷ್ಟೂ ಗೊತ್ತಿಲ್ವಾ?"

ಗಂಡನ ಕಡೆ ತಿರುಗಿದೆ. "ಅಮ್ಮ ಹೇಳೋದೂ ಸರಿ, ನೀನ್ ಹೇಳೋದೂ ಸರಿ," ಎಂದು ಅವರು ಅಡ್ಡಗೋಡೆ ಮೇಲೆ ದೀಪ ಇಟ್ಟರು. ನನಗೆ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಕಳಿಸಲಾರದವರಿಗೆ ವರ್ಷದ ಹನ್ನೆರಡು ತಿಂಗಳೂ ಡೊಂಕು. ಆ ಸಂಜೆ ಮುದ್ದೆ ತಿರುವಿದ ರಭಸಕ್ಕೆ ಪಾತ್ರೆ ಒಲೆಯಿಂದ ಬೀಳುವುದರಲ್ಲಿತ್ತು.

ಸಾಹೇಬರಿಗೆ ಉತ್ತರ ಹೇಳಲು ಒಂದೇ ದಿನ ಉಳಿದಿದ್ದಾಗ, ಸಂಜಯನಗರದಿಂದ ಅತ್ತೆಯ ತಂಗಿ ಲಕ್ಕಮ್ಮ ಬಂದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅತ್ತೆಯ ದನಿ ಎಂದೂ ಮೆಲ್ಲಗಿದ್ದದ್ದಲ್ಲ.

"ಮೊದಲ್ನೇ ಆಸಾಡ ಕಣೆ ಲಕ್ಕಿ. ಅತ್ತೆ ಸೊಸೆ ಒಂದೇ ಒಸ್ಲು ದಾಟಿದ್ರೆ ಮನೆಗೆ ಆಗ್ಬರಾಕಿಲ್ಲ. ಈ ಮಗೀಗೆ ಓಗಾನ ಅಂದ್ರೆ ತವರಿಲ್ಲ. ಆ ಒಂದ್ ತಿಂಗ್ಳು ನಿಮ್ಮನೇಲಿ ಇಟ್ಕೊ."

"ಅಯ್ಯೋ ಅಕ್ಕ, ಮಗಳು ಬಾಣಂತನಕ್ಕೆ ಬಂದವ್ಳೆ. ಕಾಲು ಚಾಚೋಕೂ ಜಾಗ ಇಲ್ಲ."

"ಇನ್ನೆಲ್ಲಿಗೆ ಕಳಿಸ್ಲಿ? ನಿದ್ದೇನೇ ಬರ್ತಿಲ್ಲ ನಂಗೆ."

ಕಾಫಿ ಸೋಸುತ್ತಿದ್ದ ಕೈ ನಿಂತಿತು. ನನ್ನನ್ನು ಕಟ್ಟಿಹಾಕಲು ತಿಂಗಳು ತಿಂಗಳಿಗೂ ಬೀಗ ಜಡಿದವರು, ಆಷಾಢಕ್ಕೆ ತಾವೇ ಬೀಗದಕೈ ಕೊಟ್ಟಿದ್ದರು. ಎರಡು ಲೋಟ ಹಿಡಿದು ಹೊರಗೆ ಬಂದೆ.

"ನನಗೆ ಜಾಗ ಇದೆ, ಅತ್ತೆ."

"ಎಲ್ಲಿ?"

"ಶಾಂಘೈಲಿ. ಆಷಾಢದಲ್ಲಿ ಹೊರಡಬಾರದು ಅಂತೀರಿ. ಆಷಾಢದಲ್ಲಿ ಮನೇಲೂ ಇರಬಾರದು ಅಂತೀರಿ. ಎರಡರಲ್ಲಿ ಯಾವುದಾದರೂ ಒಂದು ಹೇಳಿ."

ಲಕ್ಕಮ್ಮನಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು. ಅತ್ತೆ ನಗಲಿಲ್ಲ. "ಆಸಾಡಕ್ಕೆ ಓಗೋದು ತವರಿಗೆ. ಆ ಸೀಮೆ ಏನ್ ನಿನ್ ತವರಾ?"

"ನನ್ನದಲ್ಲ, ನಿಮ್ಮ ರೇಷ್ಮೆ ಹುಳದ್ದು. ಇಷ್ಟು ವರ್ಷ ಸಾಕಿದ್ರಲ್ಲ, ಅದರ ತವರು ಅದೇ."

ಅತ್ತೆ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದ ಹಿಪ್ಪುನೇರಳೆ ತೋಟ ಬಡಾವಣೆಗೆ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಮಾತ್ರ ಅವರು ಮಾರಿರಲಿಲ್ಲ, ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದರು. ಈಗ ಅತ್ತ ನೋಡಿ, "ಅಷ್ಟು ದೂರದಿಂದ ಬಂದಿದ್ವಾ ಅವು?" ಎಂದರು. ಹೂಂ ಎಂದೆ. "ಅಂಗಾದ್ರೆ ನೋಡ್ಕಂಡ್ ಬಾ. ಅವ್ರು ಎಂಗೆ ಸಾಕ್ತಾರೆ ಕೇಳ್ಕಂಡ್ ಬಾ."

ಮರುದಿನ ಜುಲೈ ಎಂದಾಗ ಮುಕ್ತಾರ್ ಸಾಹೇಬರು ತಲೆ ಚಚ್ಚಿಕೊಂಡರು. "ಇದ್ದಬದ್ದ ಕಾಲದಲ್ಲೆಲ್ಲ ಕೆಟ್ಟದ್ದನ್ನೇ ಹುಡುಕಿ ತೆಗೆದ್ಯಲ್ಲಮ್ಮ!" ನಾನು ನಕ್ಕೆ. ವಾದದಲ್ಲಿ ಅತ್ತೆಯನ್ನು ಗೆದ್ದೆನೆಂಬ ಜಂಬ ಹೊರಡುವ ದಿನದವರೆಗೂ ಇಳಿಯಲಿಲ್ಲ.

ಹೊರಡುವ ದಿನವೇ ಆಷಾಢ ಕಾಲಿಟ್ಟಿತ್ತು. ಬೆಳಿಗ್ಗೆ ಟ್ಯಾಕ್ಸಿ ಬಂತು. ದೇವರಿಗೆ ಕೈಮುಗಿದು, ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದೆ. ಅತ್ತೆ ಕಾಣಲಿಲ್ಲ. ಬೀಳ್ಕೊಡಲೂ ಬಾರದಷ್ಟು ಕೋಪವೇ ಎಂದುಕೊಳ್ಳುವಷ್ಟರಲ್ಲಿ, ಹಿತ್ತಿಲ ಬಾಗಿಲಿಂದ ಹೊರಟು, ಕೊಟ್ಟಿಗೆ ಬಳಸಿ, ಮನೆಯ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿಕೊಂಡು ಏದುಸಿರು ಬಿಡುತ್ತ ಬಂದರು. ನಾನು ದಾಟಿದ ಹೊಸ್ತಿಲನ್ನು ಅವರು ದಾಟುವಂತಿರಲಿಲ್ಲವಲ್ಲ! ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಹಸಿರು ಬಳೆ.

"ಸೆರಗು ಒಡ್ಡು."

"ಅತ್ತೆ, ಮಡಿಲಕ್ಕಿ ಹಾಕೋದು ತವರಲ್ಲಿ ಅಲ್ವಾ? ತಾಯಿ ಹಾಕ್ಬೇಕು."

"ಗೊತ್ತು ಕಣೆ, ನಂಗೆ ಕಲಿಸ್ಬೇಡ. ನಿಮ್ಮತ್ತೆ ಆ ಒಸ್ಲೊಳಗೇ ಅವ್ಳೆ. ಅಂಗಳದಾಗೆ ನಿಂತಿರೋಳು ನಿಮ್ಮವ್ವ ಅಂತ ತಿಳ್ಕೊ. ಒಡ್ಡು ಬೇಗ, ಟ್ಯಾಕ್ಸಿಯವ್ನು ಕಾಯ್ತಾವ್ನೆ."

ಸೆರಗು ಒಡ್ಡಿದೆ. ಜಂಬವೆಲ್ಲ ಎಲ್ಲಿ ಹೋಯಿತೋ, ಮಗುವಿನ ಹಾಗೆ ಅತ್ತುಬಿಟ್ಟೆ. ಅವ್ವ ಎಂದು ಯಾರನ್ನೂ ಕರೆದು ಅಭ್ಯಾಸವಿರಲಿಲ್ಲ ನನಗೆ, ಅವತ್ತು ಕರೆದೆ.

ಅಕ್ಟೋಬರಿನಲ್ಲಿ ಹೋಗಿದ್ದರೆ ಬೆವರುತ್ತಿರಲಿಲ್ಲ, ನಿಜ. ಆದರೆ ಅಕ್ಟೋಬರಿನಲ್ಲಿ ನನ್ನನ್ನು ಕಳಿಸಿಕೊಡುತ್ತಿದ್ದವರು ಅತ್ತೆ.