ಯಶೋಧಾಳ ಮೊದಲ ರೀಡಿಂಗ್

ಸಿಂದಗಿಯ ಡಿಗ್ರಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಯಶೋಧಾ ಒಬ್ಬಳ ಉತ್ತರ ಮಾತ್ರ ಕೀ ಉತ್ತರಕ್ಕೆ ಹೊಂದಲಿಲ್ಲ.

ಕೊಟ್ಟದ್ದು ಕಬ್ಬಿಣದ ಎರಡು ರೂಪಗಳು, ಫೆರಸ್ ಮತ್ತು ಫೆರಿಕ್, ಬೆರೆತ ದ್ರಾವಣ. ಬ್ಯೂರೆಟ್ಟೆಂಬ ಅಳತೆಯ ಕೊಳವೆಯಿಂದ ಹನಿಹನಿಯಾಗಿ ಬೀಳುವ ನೇರಳೆ ಪರ್ಮ್ಯಾಂಗನೇಟ್, ಫೆರಸ್ ಇರುವ ತನಕ ಬಣ್ಣ ಕಳೆದುಕೊಳ್ಳುತ್ತದೆ. ಮುಗಿದ ಮೇಲೆ ಬಿದ್ದ ಹನಿ ತಿಳಿಗುಲಾಬಿಯಾಗಿ ನಿಲ್ಲುತ್ತದೆ. ಅದು ಮೊದಲ ರೀಡಿಂಗ್, ಫೆರಸ್ಸಿನ ಅಳತೆ. ಬಳಿಕ ಸತುವಿನ ಪುಡಿ ಹಾಕಿ ಫೆರಿಕ್ಕನ್ನೂ ಫೆರಸ್ ಮಾಡಿ, ಸೋಸಿ, ಮತ್ತೆ ಅಳೆದರೆ ಒಟ್ಟು ಕಬ್ಬಿಣ ಸಿಗುತ್ತದೆ. ಯಶೋಧಾಳ ಒಟ್ಟು ಸರಿಯಿತ್ತು. ಫೆರಸ್ ಕಡಿಮೆಯಿತ್ತು.

ನೋಡಿದ ಕೂಡಲೇ ಉಪನ್ಯಾಸಕಿ ಮುಬೀನಾಗೆ ಕಾರಣ ಗೊತ್ತಾಯಿತು. ಪಾಠ ಹೇಳಿದವಳೂ ದ್ರಾವಣ ಮಾಡಿಟ್ಟವಳೂ ಅವಳೇ. ಶನಿವಾರ ಬಾಗೇವಾಡಿ ಬಸ್ಸಿನ ಅವಸರದಲ್ಲಿ ಆಸಿಡ್ ಹಾಕುವುದು ಮರೆತಿತ್ತು. ಇಂದು ಬೆಳಿಗ್ಗೆ ದ್ರಾವಣ ಕೆಂಪಗೆ ಕದಡಿದ್ದು ಕಂಡು ಆಸಿಡ್ ಸುರಿದಿದ್ದಳು. ತಿಳಿಯಾಯಿತು, ಸರಿಹೋಯಿತೆಂದು ಸುಮ್ಮನಾಗಿದ್ದಳು. ಅಷ್ಟರಲ್ಲಿ, ಆಸಿಡ್ ಇಲ್ಲದ ದ್ರಾವಣಕ್ಕೆ ಗಾಳಿ ತಾಗಿ ಫೆರಸ್ಸಿನ ಒಂದು ಪಾಲು ಫೆರಿಕ್ ಆಗಿಹೋಗಿತ್ತು. ಯಶೋಧಾ ಇದ್ದದ್ದನ್ನೇ ಅಳೆದಿದ್ದಳು. ವರ್ಷಾ ವರ್ಷ ಅದೇ ಅಳತೆಯ ದ್ರಾವಣ. ಉಳಿದವರು ಸೀನಿಯರುಗಳಿಂದ ತಿಳಿದ ಅಂಕಿಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ ಬರೆದಿದ್ದರು.

“ಎಲ್ಲಾರ ಉತ್ತರ ಎರಕ ಹೊಯ್ದಂಗ ಒಂದ ಐತಿ ನೋಡ್ರಿ ಮೇಡಮ್,” ಹೊರಗಿನಿಂದ ಬಂದಿದ್ದ ಪರೀಕ್ಷಕ ಅನೀಲಕುಮಾರ ನಕ್ಕರು. “ಈ ಹುಡುಗಿಗಿ ಯಾರೂ ಹೇಳಿಲ್ಲ ಕಾಣತೈತಿ. ನೀವರ ಹೇಳ್ರಿ, ಪಾಪ, ಮಾರ್ಕ್ಸ್ ಹೋಗ್ತಾವ.”

ತಪ್ಪು ನನ್ನದ್ರಿ ಎಂದಿದ್ದರೆ ಸಾಕಿತ್ತು. ಆದರೆ ಆಗ ಇಡೀ ಬ್ಯಾಚು ಸುಳ್ಳು ಬರೆದದ್ದು ದಾಖಲಾಗುತ್ತಿತ್ತು, ಅದರ ಜೊತೆ ಮುಬೀನಾಳ ಮರೆವೂ. ಅವಳು ಹುಡುಗಿಯ ಬಳಿ ಹೋದಳು.

“ಫೆರಸ್ ರೀಡಿಂಗ್ ತಿದ್ದು. ಎರಡು ಎಂಎಲ್ ಹೆಚ್ಚಿಗಿ ಬರಿ.”

“ತಪ್ಪಾಗಿಲ್ರಿ ಮೇಡಮ್. ಮೂರ ಸಲ ಮಾಡೇನ್ರಿ, ಮೂರೂ ಸಲ ಅಷ್ಟ ಬಂತ್ರಿ.”

“ನಿನ್ನ ಕಣ್ಣ ತಪ್ಪಿರ್ತೈತಿ. ಬರದ ಬಿಡವಾ. ಸುಮ್ಮನ ಫಸ್ಟ್ ಕ್ಲಾಸ್ ಯಾಕ ಕಳಕೋತಿ?”

ಆಡಿದ ಮಾತು ಮುಬೀನಾಗೆ ತನ್ನದೆನಿಸಲಿಲ್ಲ. ನಾಲತವಾಡದಿಂದ ಬಂದ ಈ ಹುಡುಗಿಗೆ ಕಂಡದ್ದನ್ನೇ ಬರಿ ಎಂದು ಕಲಿಸಿದವಳು ಅವಳೇ. ಯಶೋಧಾ ಅಂಕಿಯ ಮೇಲೆ ಗೆರೆ ಎಳೆದು ಹೇಳಿದ್ದನ್ನು ಬರೆದಳು.

ಅನೀಲಕುಮಾರ ಪೂರ್ತಿ ಅಂಕ ಹಾಕಿದರು. ಆಮೇಲೆ ಮೌಖಿಕ ಪರೀಕ್ಷೆಗೆ ಅವಳನ್ನು ಎದುರು ಕೂರಿಸಿಕೊಂಡು ಕೇಳಿದರು: “ಹೇಳವಾ, ಕಡೀ ಹನಿ ಬಿದ್ದಾಗ ಯಾವ ಬಣ್ಣ ನಿಂತಿತ್ತು?”

ಮುಂಜಾನೆಯಿಂದ ಆ ಬಣ್ಣವನ್ನೇ ನೋಡುತ್ತ ನಿಂತಿದ್ದ ಹುಡುಗಿ, ಏನೆನ್ನಲಿ ಎಂದು ಕೇಳುವವಳಂತೆ ಮುಬೀನಾಳ ಮುಖ ನೋಡಿದಳು.