ಮೀನು ತೊಳೆದ ನೀರು ಕುಡಿದ ಮಲ್ಲಿಗೆ

ನಾನು ಒಂದು ಮಲ್ಲಿಗೆ ಗಿಡ. ತೋಟದ್ದಲ್ಲ, ಮಣ್ಣಿನ ಕುಂಡದ್ದು. ವನಿತಳ ತಾಯಿ ತನ್ನ ಅಂಗಳದ ಗಿಡದಿಂದ ಗೇಣುದ್ದದ ಕಡ್ಡಿ ಮುರಿದು ಮಣ್ಣಿಗೆ ಊರಿದ ದಿನವೇ ನಾನು ಹುಟ್ಟಿದ ದಿನ. ನಾನು ಚಿಗುರುವಷ್ಟರಲ್ಲಿ ವನಿತಳಿಗೆ ಮದುವೆ ಗೊತ್ತಾಯಿತು. ಅವಳು ತವರಿನಿಂದ ಕಪಾಟು ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ, ನನ್ನನ್ನು ಕೇಳಿದಳು. ಕುಂದಾಪುರದ ಕಡೆ, ಕಡಲ ಬದಿಯ ಗಂಡನ ಮನೆಗೆ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಕೂತು ಬಂದೆ. ದಾರಿಯುದ್ದಕ್ಕೂ ಕಂಡಕ್ಟರ್ ನನ್ನನ್ನು ಸಾಮಾನು ಎಂದೇ ಕರೆದ. ಆ ಸಿಟ್ಟು ನನಗೆ ಇನ್ನೂ ಇದೆ.

ಅವಳ ಅತ್ತೆ ಜಲಜಕ್ಕ ಮೀನು ಮಾರುವವಳು. ಕೆಟ್ಟವಳಲ್ಲ, ಬಾಯಿ ಸ್ವಲ್ಪ ಜೋರು. ಮನೆಯಲ್ಲಿ ಬಂಗುಡೆ, ಬೂತಾಯಿ ತೊಳೆದ ನೀರನ್ನೆಲ್ಲ ನನಗೇ ತಂದು ಸುರಿಯುತ್ತಿದ್ದಳು. ಮಲ್ಲಿಗೆಗೆ ಮೀನಿನ ನೀರೇ ಎಂದು ಮೂಗು ಮುರಿಯಬೇಡಿ. ಅಷ್ಟು ರುಚಿಯಾದ ಊಟ ನಾನು ಬೇರೆಲ್ಲೂ ಕಂಡಿಲ್ಲ. ಎರಡೇ ಬೇಸಿಗೆಯಲ್ಲಿ ಮೈತುಂಬ ಹೂ ಬಿಟ್ಟೆ.

ಮೂರನೆಯ ವರ್ಷ ಮಳೆ ಜೋರಾಗಿತ್ತು. ಬೇರು ಕೊಳೆತೀತೆಂದು ನನ್ನನ್ನು ಜಗಲಿಯ ಒಳಮೂಲೆಗೆ ಸರಿಸಿದರು. ದೋಣಿಗಳು ಕಡಲಿಗೆ ಇಳಿಯದ ಆ ತಿಂಗಳುಗಳಲ್ಲಿ ಮನೆಯಲ್ಲಿ ಒಣಮೀನಿನದೇ ಸಾರು. ಜಲಜಕ್ಕ ಅದನ್ನು ತೊಳೆದ ನೀರನ್ನೂ ಎಂದಿನ ಪ್ರೀತಿಯಿಂದ ನನಗೇ ಹೊಯ್ದಳು. ಉಪ್ಪಿನಲ್ಲಿ ಮುಳುಗಿ ಎದ್ದ ಮೀನು ಅದು! ಹತ್ತು ದಿನಕ್ಕೆ ನನ್ನ ಎಲೆಗಳ ತುದಿ ಕಂದಿತು. ಇಪ್ಪತ್ತು ದಿನಕ್ಕೆ ಅಂಚೆಲ್ಲ ಕರಟಿತು. ಬಾಯಿದ್ದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ.

ಜಲಜಕ್ಕನಿಗೆ ಕಾರಣ ಬೇರೆಯೇ ಹೊಳೆಯಿತು. ಅವಳು ಸೊಸೆಯನ್ನು ಕರೆದಳು.

"ಹೊರ್ಗೆ ಆದಾಗ ಇದನ್ನ್ ಮುಟ್ಟಿದ್ಯಾ ಹೆಣೆ?"

"ಇಲ್ಲ ಅತ್ತೆ."

"ಮುಟ್ದೆ ಇದ್ರೆ ಹೀಂಗ್ ಕರಟಿ ಹೋತ್ತಾ? ಇನ್ ಮೇಲೆ ಇದ್ರ ಹತ್ರ ಬರ್ಬೇಡ."

ವನಿತ ಸುಳ್ಳು ಹೇಳಿರಲಿಲ್ಲ. ತಿಂಗಳ ಆ ಮೂರು ದಿನ ಅವಳು ದೇವರ ಕೋಣೆಯಿಂದ ಹೇಗೋ ಹಾಗೆ ನನ್ನಿಂದಲೂ ದೂರ ನಿಲ್ಲುತ್ತಿದ್ದಳು. ಈಗ ಮೂವತ್ತು ದಿನವೂ ದೂರ. ಜಗಲಿ ಗುಡಿಸುವಾಗ ನನ್ನ ಮೂಲೆಯನ್ನು ಬಿಟ್ಟು ಗುಡಿಸುತ್ತಿದ್ದಳು. ಎಲೆ ಉದುರಿದರೆ ಮತ್ತೆ ಬಂದೀತು. ಈ ಮನೆಯಲ್ಲಿ ಅವಳ ಮಾತಿಗೆ ಹೋದ ಬೆಲೆ ಮತ್ತೆ ಬರುವುದು ಹೇಗೆ? ನನಗೆ ಬಹಳ ದುಃಖವಾಯಿತು.

ಒಂದು ಬೆಳಗ್ಗೆ ಜಲಜಕ್ಕ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡಳು. ಬೂಷ್ಟು ಎಂದುಕೊಂಡು ಉಗುರಿನಿಂದ ಕೆರೆದಳು. ಮೀನಿಗೆ ಉಪ್ಪು ಹಿಡಿಯಿತೇ ಎಂದು ಬೆರಳನ್ನು ನಾಲಗೆಗೆ ಮುಟ್ಟಿಸಿ ನೋಡುವುದು ಅವಳ ನಲವತ್ತು ವರ್ಷದ ಅಭ್ಯಾಸ. ಇಲ್ಲೂ ಹಾಗೇ ಮಾಡಿದಳು. ಮಾಡಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಇನ್ನೊಮ್ಮೆ ಕೆರೆದು ನೆಕ್ಕಿ ನೋಡಿದಳು.

ಆಮೇಲೆ ಎದ್ದು ನನ್ನನ್ನು ತಾನೇ ಅಂಗಳಕ್ಕೆ ಎಳೆದು ಮಳೆಗೆ ಒಡ್ಡಿದಳು. ಬಾಗಿಲಲ್ಲಿ ನಿಂತಿದ್ದ ವನಿತಳ ಮುಖ ನೋಡದೆ ಹೇಳಿದಳು: "ಇದ್ ನಾನ್ ಮಾಡಿದ್ದ್ ಹೆಣೆ. ಒಣಮೀನಿನ ಉಪ್ಪು."

ಮೂರು ದಿನ ಮಳೆ ನನ್ನ ಬುಡವನ್ನು ತೊಳೆಯಿತು. ಕರಟಿದ ರೆಂಬೆಗಳನ್ನು ಕತ್ತರಿಸಿದರು, ಮೇಲುಮಣ್ಣು ಬದಲಿಸಿದರು. ಬೋಳಾಗಿ ನಿಂತಾಗ ನಾಚಿಕೆಯಾಯಿತು, ಆದರೆ ಬೇರು ತಣ್ಣಗಿತ್ತು. ಕೆಲವೇ ವಾರಗಳಲ್ಲಿ ಚಿಗುರಿದೆ. ನವರಾತ್ರಿಯ ಹೊತ್ತಿಗೆ ಮೊಗ್ಗೂ ಬಂತು.

ಮೊದಲ ಕೊಯ್ಲಿಗೆ ಜಲಜಕ್ಕ ಸೊಸೆಯನ್ನು ಕರೆದಳು. ವನಿತ ಮೆಟ್ಟಿಲಲ್ಲೇ ನಿಂತಳು.

"ಇವತ್ತ್ ನಾನ್ ಹೊರ್ಗೆ, ಅತ್ತೆ."

"ಗೊತ್ತಿತ್ತ್. ಕೊಯ್ಯಿ," ಎಂದು ಜಲಜಕ್ಕ ಬುಟ್ಟಿ ಚಾಚಿದಳು.

ವನಿತ ಮೆಟ್ಟಿಲಿಳಿದು ಬಂದು ಮೊದಲ ಮೊಗ್ಗಿಗೆ ಕೈ ಹಾಕಿದಳು. ನಾನು ಅಲುಗದೆ ನಿಂತೆ.

ಮರುದಿನ ಬೆಳಗಾಗುತ್ತಲೇ ಜಲಜಕ್ಕ ಬಂದು ನನ್ನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಹಳೆಯ ನಂಬಿಕೆ, ಒಂದೇ ದಿನಕ್ಕೆ ಬಿಡುತ್ತದೆಯೇ? ಒಂದು ಎಲೆಯೂ ಕಂದಿರಲಿಲ್ಲ. ಅವಳು ಒಳಗೆ ತಿರುಗಿ ಕೂಗಿದಳು:

"ಹೆಣೆ, ಗಿಡಕ್ಕೆ ನೀರ್ ಹಾಕ್."

ಅದು ವನಿತಳ ಎರಡನೆಯ ದಿನ.