ಕುದಿಸಿದ ನೀರು

ನೈಟ್ರೇಟ್ ಎಂದರೇನೆಂದು ಓಣಿಗೆ ತಿಳಿಸಲು ವಿದ್ಯಾವತಿಯ ಬಳಿ ಒಂದು ಮಾತೂ ಇರಲಿಲ್ಲ.

ಕರಜಗಿಯಲ್ಲಿ ಆಕೆ ಆಶಾ ಕಾರ್ಯಕರ್ತೆಯಾಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ ಹೇಳಿದ್ದು ಒಂದೇ: ನೀರು ಕುದಿಸಿ ಕುಡೀರಿ. ವಾಂತಿಭೇದಿ ಬಂದ ವರ್ಷ ಆ ಮಾತೇ ಓಣಿಯನ್ನು ಉಳಿಸಿತ್ತು. ಈಗ ಬೋರ್‌ವೆಲ್ ನೀರನ್ನು ನೈಟ್ರೇಟ್ ಪರೀಕ್ಷೆಯ ಕಿಟ್ಟಿನ ಗಾಜಿನ ಕೊಳವೆಗೆ ಸುರಿದು ಪುಡಿ ಹಾಕಿ ಅಲುಗಿಸಿದರೆ, ಅದು ಗುಲಾಬಿ ದಾಟಿ ಕಡುಗೆಂಪಾಗಿ ನಿಂತಿತು. ಆಕೆ ಅಫಜಲಪುರದ ಪ್ರಯೋಗಾಲಯಕ್ಕೆ ಫೋನ್ ಮಾಡಿದಳು.

"ಕಬ್ಬಿಗೆ ಹಾಕಿದ ಯೂರಿಯಾ ಕೆಳಗಿಳದದ ನೋಡ್ರಿ," ಎಂದ ಆ ಕಡೆಯವನು. "ಆರು ತಿಂಗಳೊಳಗಿನ ಕೂಸಿಗೆ ಒಂದು ಹನಿನೂ ಹಾಕಬ್ಯಾಡ್ರಿ. ರಕ್ತ ಉಸುರು ಹಿಡಿಯಂಗಿಲ್ಲ. ಮೈ ನೀಲಿ ಆಗ್ತದ."

"ಕುದಿಸಿದ್ರ?"

"ನೀರು ಹೋಗ್ತದ, ವಿಷ ಉಳಿತದ. ಇನ್ನಷ್ಟು ಗಟ್ಟಿ ಆಗ್ತದ."

ಆಕೆ ಫೋನ್ ಇಟ್ಟು ಕೂಸುಗಳ ಪಟ್ಟಿ ತೆಗೆದು ನೋಡಿದಳು. ಓಣಿಯಲ್ಲಿ ಅಂಥ ಕೂಸುಗಳು ಮೂರು. ಮೂರರ ಮುಂದೆಯೂ 'ಎದೆಹಾಲು' ಎಂದು ತಾನೇ ಬರೆದಿದ್ದಳು. ಆದರೂ ಹೇಳದೆ ಬಿಡುವಂತಿರಲಿಲ್ಲ. ಎಲ್ಲರೂ ಒಂದೇ ಕಡೆ ಸಿಗುತ್ತಾರೆಂದು ನೀರಿನ ಹೊತ್ತಿಗೆ ಬೋರ್‌ವೆಲ್ ಬಳಿ ಹೋದಳು.

"ಏನಬೇ ವಿದ್ಯಾ," ಎಂದಳು ಅಲ್ಲೇ ಎದುರು ಮನೆಯ ಮುದುಕಿ ಸುಂದರಬಾಯಿ. "ನಿನ್ನೆತನಕ ಕುದಸ್ರಿ ಅಂದಿ, ಇವತ್ತ ಕುದಸಬ್ಯಾಡ್ರಿ ಅಂತಿ. ನಾಳೆ ಕುಡೀಲೇಬ್ಯಾಡ್ರಿ ಅಂತಿಯೇನು?"

ಹೆಂಗಸರು ನಕ್ಕರು.

"ನೀರಾಗ ನೈಟ್ರೇಟ್ ಅದ, ಆಯಿ."

"ಅದೇನು ಹುಳಾ?"

"ಹುಳಾ ಅಲ್ಲ."

"ಹುಳಾ ಅಲ್ಲಂದ್ರ ಅಂಜೋದ್ಯಾಕ? ಎರಡು ಸಲ ಕುದಸ್ತೀವಿ, ಬಿಡು."

ಎರಡು ಸಲ. ವಿದ್ಯಾವತಿ ಎಲ್ಲರನ್ನೂ ಮುದುಕಿಯ ಮನೆಗೆ ಕರೆದೊಯ್ದಳು. ಸುಂದರಬಾಯಿಯ ಒಲೆಯ ಮೇಲೇ ಒಂದು ಪಾತ್ರೆ ನೀರಿಟ್ಟು, ಚಿಟಿಕೆ ಉಪ್ಪು ಹಾಕಿ ಎಲ್ಲರ ಅಂಗೈಗೆ ಹನಿಸಿದಳು. ಸಪ್ಪೆ, ಎಂದರು. ಕಾಲು ಭಾಗ ಉಳಿಯುವತನಕ ಕುದಿಸಿ, ಆರಿಸಿ, ಮತ್ತೆ ಹನಿಸಿದಳು.

"ಥೂ! ಉಪ್ಪಿನಕಾಯಿ ರಸ ಆಗ್ಯದಲ್ಲಬೇ!" ಸುಂದರಬಾಯಿ ಉಗುಳಿದಳು.

"ನಾ ಮತ್ತ ಉಪ್ಪು ಹಾಕೀನೇನು?"

"ಇಲ್ಲ. ನೀರು ಹೋತು, ಉಪ್ಪು ಕುಂತದ." ಮುದುಕಿಯ ನಗು ಅಲ್ಲಿಗೆ ನಿಂತಿತು. "ಹಂಗಾದ್ರ ನಾವು ಇಷ್ಟು ದಿನ..."

ಓಣಿಗೆ ತಿಳಿಯಿತು. ವಿದ್ಯಾವತಿ ಉಸಿರು ಬಿಡುವಷ್ಟರಲ್ಲಿ, ಹಿಂದೆ ನಿಂತಿದ್ದ ಅಜೀಜಾಬಿಯ ಕೊಡ ಕೈಜಾರಿ ಬಿತ್ತು.

"ನನ್ನ ಮಗಳು ತಬಸ್ಸುಮ, ಗಡಿಗಿ ಅರ್ಧ ಆಗೋತನಕ ಒಲಿಯಿಂದ ಇಳಸಂಗಿಲ್ಲವ್ವಾ. ವಿದ್ಯಾಬಾಯಿ ಹೇಳ್ಯಾರ ಅಂತಾಳ."

"ದೊಡ್ಡವರಿಗೆ ಅಷ್ಟು ಅಂಜಿಕಿ ಇಲ್ಲ, ಚಾಚಿ."

"ಆಕಿಗಲ್ಲ. ಜ್ವರ ಬಂದು ಎದಿ ಬತ್ತೇದ. ಎಂಟು ದಿನ ಆತು, ಕೂಸಿಗಿ ಆ ನೀರಾಗ ಡಬ್ಬಿ ಹಾಲು ಕಲಸಾಕತ್ತೀವಿ. ಡಬ್ಬಿ ಕಂಡ್ರ ನೀ ಬೈತಿ ಅಂತ ಹೇಳ್ಲಿಲ್ಲ."

ನಲವತ್ತು ದಿನ ತುಂಬದ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಬೋರ್‌ವೆಲ್ಲಿಗೆ ಬಾರದೆ ಉಳಿದವಳು ಅವಳೊಬ್ಬಳೇ. ವಿದ್ಯಾವತಿ ಓಡಿದಳು. ಚಪ್ಪಲಿ ದಾರಿಯಲ್ಲೇ ಉಳಿಯಿತು.

ಕತ್ತಲ ಕೋಣೆಯಲ್ಲಿ ತಬಸ್ಸುಮ ಕೂಸಿನ ಅಂಗಾಲು ತಿಕ್ಕುತ್ತಿದ್ದಳು. "ಎರಡು ದಿನ ಆತ್ರಿ ಬಾಯಿ, ಥಂಡಿ ಹತ್ತೇದ. ಅಳೋದೂ ಬಿಟ್ಟದ. ನೀರು ಮಾತ್ರ ನೀವು ಹೇಳಿದಂಗ ಕುದಿಸೇ ಹಾಕೀನ್ರಿ."

ವಿದ್ಯಾವತಿ ಕೂಸನ್ನು ಬಾಗಿಲ ಬೆಳಕಿಗೆ ತಂದಳು. ತುಟಿ ನೇರಳೆಹಣ್ಣು ತಿಂದಂತಿತ್ತು. ಉಗುರೂ ಅದೇ ಬಣ್ಣ. ಒಲೆಯ ಮೇಲೆ ಗಡಿಗೆ ಅರ್ಧಕ್ಕಿಳಿದು ಕುದಿಯುತ್ತಲೇ ಇತ್ತು.

ಆಂಬುಲೆನ್ಸ್ ಬೇಗನೇ ಬಂತು. ಕಲಬುರಗಿಯ ದಾರಿಯುದ್ದಕ್ಕೂ ವಿದ್ಯಾವತಿ ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟು ಕೂತಿದ್ದಳು. ಚೌಡಾಪುರ ಬರುವ ಮುಂಚೆ ಬೆರಳ ಕೆಳಗೆ ಏನೂ ಅಲುಗದಾಯಿತು. ತಬಸ್ಸುಮ ಕೇಳಿದಳು, "ಇನ್ನೂ ಜಾಸ್ತಿ ಕುದಿಸಬೇಕಿತ್ತೇನ್ರಿ, ಬಾಯಿ?"

ಪಟ್ಟಿಯಲ್ಲಿ ಮೂರು ಕೂಸುಗಳಿದ್ದವು. ಹೋದದ್ದು ಒಂದು. ಹೆಣ್ಣು, ಹೆಸರು ಗುಲನಾಜ, ಮೂವತ್ತಮೂರು ದಿನ.